ಹೊಡೆಯದಿರಲು ಕೊಂಡ ಬಂದೂಕು

ಶುಕ್ರವಾರ ಬೆಳಿಗ್ಗೆ ಕಸದ ಡಬ್ಬಿಯನ್ನು ರಸ್ತೆಯಂಚಿಗೆ ಎಳೆದು ನಿಲ್ಲಿಸಲು ಹೋಗುವಾಗ ನಾನು ಕಿತ್ತಳೆ ಬಣ್ಣದ ಒಂದು ಜಾಕೆಟ್ ಹಾಕಿಕೊಳ್ಳುತ್ತೇನೆ. ಗರಾಜಿನ ಬಾಗಿಲ ಪಕ್ಕದ ಮೊಳೆಗೆ ಅದು ವರ್ಷವಿಡೀ ನೇತಾಡಿಕೊಂಡಿರುತ್ತದೆ. ಬೆಚ್ಚಗಿದೆ, ಜೇಬು ದೊಡ್ಡದು, ಎಂಥ ಹಿಮದಲ್ಲೂ ಯಾವ ಕಾರಿನವನೂ ನನ್ನನ್ನು ನೋಡಲಿಲ್ಲ ಎನ್ನುವ ಹಾಗಿಲ್ಲ. ಮೊನ್ನೆ ಎದುರು ಮನೆಗೆ ಹೊಸದಾಗಿ ಬಂದವನು ಅದನ್ನು ನೋಡಿ ಕಣ್ಣರಳಿಸಿ, “ಓ, ನೀವು ಬೇಟೆ ಆಡ್ತೀರಾ?” ಎಂದು ಕೇಳಿದ. “ಒಂದು ಸಲ ಹೋಗಿದ್ದೆ” ಎಂದೆ. “ಏನು ಸಿಕ್ಕಿತು?” ಎಂದ. ಅದಕ್ಕೆ ನಿಂತ ಕಾಲಲ್ಲಿ ಉತ್ತರ ಹೇಳುವುದು ಹೇಗೆ? ಚಳಿ ಎಂದು ಹೇಳಿ ಒಳಗೆ ಬಂದುಬಿಟ್ಟೆ. ನಿಮಗಾದರೆ ಹೇಳಬಹುದು. ನೀವು ಕೂತಿದ್ದೀರಿ, ಕೈಯಲ್ಲಿ ಕಾಫಿಯೂ ಇರಬಹುದು.

ನಾನು ಮೈಸೂರಿನವನು. ಜಿರಲೆ ಕಂಡರೆ ಪೊರಕೆಯಿಂದ ಹೊಡೆಯದೆ, ಮೊರದ ಮೇಲೆ ಹತ್ತಿಸಿಕೊಂಡು ಬೀದಿಗೆ ಬಿಟ್ಟು ಬರುವ ಮನೆತನ ನಮ್ಮದು. ಅದು ನಮಗಿಂತ ಮೊದಲೇ ವಾಪಸು ಬಂದು ಸೇರುತ್ತಿತ್ತು, ಆ ಮಾತು ಬೇರೆ. ನನ್ನ ಜೀವಮಾನದ ಶಸ್ತ್ರಾಭ್ಯಾಸವೆಂದರೆ ದಸರಾ ವಸ್ತುಪ್ರದರ್ಶನದಲ್ಲಿ ಗಾಳಿ ಬಂದೂಕಿನಿಂದ ಬಲೂನು ಒಡೆದದ್ದು. ಒಡೆದದ್ದು ಎಂದೆನಲ್ಲ, ಅದೂ ಸ್ವಲ್ಪ ಉತ್ಪ್ರೇಕ್ಷೆಯೇ. ನಾನು ಗುರಿಯಿಟ್ಟದ್ದು ಹಳದಿ ಬಲೂನಿಗೆ, ಹೊಡೆತ ಬಿದ್ದದ್ದು ಪಕ್ಕದ ಅಂಗಡಿಯವನು ಕರಿಯಲು ಹರವಿದ್ದ ಹಪ್ಪಳಕ್ಕೆ. ಅವನು “ಯಾವನೋ ಅವನು!” ಎಂದು ಜಾಲರಿ ಹಿಡಿದು ಎದ್ದ. ನಮ್ಮಪ್ಪ ನನ್ನ ಕೈ ಹಿಡಿದು ಓಡಿದರು. ಅವರು ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಇಂಥವನು ಬಂದೂಕು ಕೊಂಡದ್ದು ರಿಸೆಷನ್ನಿನ ಕಾಲದಲ್ಲಿ. ಆಗ ನಾನು ಡೆಟ್ರಾಯಿಟ್ ಹತ್ತಿರದ ಒಂದು ಕಂಪನಿಯಲ್ಲಿ ಕಾರಿನ ಬ್ರೇಕ್ ವಿನ್ಯಾಸ ಮಾಡುತ್ತಿದ್ದೆ. ಕಾರೇ ಯಾರಿಗೂ ಬೇಡವಾಗಿದ್ದ ವರ್ಷ ಬ್ರೇಕ್ ಯಾರಿಗೆ ಬೇಕು? ಪ್ರತಿ ಶುಕ್ರವಾರ ಆಫೀಸಿನ ಗಾಜಿನ ರೂಮಿನೊಳಗೆ ಯಾರನ್ನಾದರೂ ಕರೆಯುತ್ತಿದ್ದರು. ಅವರು ಹೊರಗೆ ಬಂದು ತಮ್ಮ ಮಗ್ಗು, ಮಕ್ಕಳ ಫೋಟೋ, ಮೇಜಿನ ಮೇಲಿನ ಗಿಡ ಎಲ್ಲವನ್ನೂ ಡಬ್ಬಕ್ಕೆ ತುಂಬಿಕೊಂಡು ಹೋಗುತ್ತಿದ್ದರು. ಸಬ್‌ಡಿವಿಷನ್ ಎನ್ನುವ ನಮ್ಮ ಬಡಾವಣೆಯಲ್ಲಿ ಕಾರು ಓಡಿಸಿಕೊಂಡು ಹೋದರೆ ಮನೆ ಮನೆಯ ಮುಂದೆಯೂ ಮಾರಾಟದ ಬೋರ್ಡು. ದೋಣಿ, ಹಿಮದ ಮೇಲೆ ಓಡಿಸುವ ಗಾಡಿ, ಹುಲ್ಲು ಕತ್ತರಿಸುವ ಯಂತ್ರ, ಕೊನೆಗೆ ಮನೆ. ನನ್ನ ಹೆಂಡತಿ ವಸುಧಾ ಆನ್ ಆರ್ಬರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಮಗಳು ಅನಘಾ ನಾಲ್ಕನೆಯ ಕ್ಲಾಸು. ಮನೆ, ಊಟ, ಆಸ್ಪತ್ರೆಯ ಇನ್ಶೂರೆನ್ಸು ಎಲ್ಲ ನಿಂತಿದ್ದದ್ದು ನನ್ನೊಬ್ಬನ ಕೆಲಸದ ಮೇಲೆ. ನನಗೆ ಭಯವಾಗಿತ್ತು. ಊಟಕ್ಕೆ ಕೂತರೂ ಭಯ, ಮಗಳ ಶೂ ಚಿಕ್ಕದಾಯಿತು ಎಂದರೂ ಭಯ.

ಷಿಕಾಗೋ ಹತ್ತಿರದ ವುಡ್‌ರಿಡ್ಜ್‌ನಲ್ಲಿ ನನ್ನ ಕಾಲೇಜಿನ ಗೆಳೆಯ ಪ್ರಹ್ಲಾದ ಇದ್ದ. ಧಾರವಾಡದವನು. ಅವನ ಕೆಲಸ ಆಗಲೇ ಹೋಗಿತ್ತು. ಕೆಲಸ ಹೋದವರಿಗೆ ಬೇರೇನಿಲ್ಲದಿದ್ದರೂ ಜ್ಞಾನ ಬಂದುಬಿಡುತ್ತದೆ. ದಿನಾ ಫೋನು ಮಾಡಿ ಅದನ್ನು ನನಗೆ ಹಂಚುತ್ತಿದ್ದ.

“ಲೇ ಶ್ರೀ, ನನ್ನ ಕೆಲಸಾ ಯಾಕ ಹೋತು ಗೊತ್ತದ ಏನು? ನಾ ಗಾಲ್ಫ್ ಆಡ್ಲಿಲ್ಲ. ಅಷ್ಟ! ಬಾಸ್ ಜೋಡಿ ಶನಿವಾರಕ್ಕೊಮ್ಮೆ ಗಾಲ್ಫಿಗೆ ಹೋಗ್ತಿದ್ದವರೆಲ್ಲಾ ಒಳಗ ಇದ್ದಾರ. ನಾ ಒಬ್ಬಾಂವ ಹೊರಗ. ಕೆಲಸಾ ಚೊಲೋ ಮಾಡಿದ್ರ ಸಾಲಂಗಿಲ್ಲೋ. ನಿಮ್ಮ ಬಾಸ್ ಏನ ಆಡ್ತಾನ?”

“ಬೇಟೆ ಆಡ್ತಾನೆ ಕಣೋ.”

“ಹಂಗಾರ ನೀನೂ ಆಡು” ಎಂದ.

“ನಾನು ಮೊಟ್ಟೆ ಸಹ ಒಡೆದವನಲ್ಲ ಮಾರಾಯ. ಜಿಂಕೆ ಹೊಡೀಲಾ?”

“ಹೊಡೀ ಅಂತ ಯಾರ ಹೇಳ್ಯಾರ? ಬಂದೂಕು ಹಿಡಕೊಂಡು ಬಾಜೂಕ ಕೂಡು ಅಂದೆ. ಗಾಲ್ಫ್ ಆಡೋರೆಲ್ಲಾ ಚೆಂಡು ಕುಣಿಯೊಳಗ ಹಾಕ್ತಾರೇನ?”

ಈ ಮಾತು ನನ್ನ ತಲೆಯೊಳಗೆ ಕೂತುಬಿಟ್ಟಿತು. ನನ್ನ ಬಾಸ್ ಡೇಲ್ ಎಂಬವನು ಬಾಗಿಲೆತ್ತರದ ಮನುಷ್ಯ, ಮಾತು ಕಡಿಮೆ, ಮೀಸೆ ಜಾಸ್ತಿ. ಮಿಷಿಗನ್ನಿನಲ್ಲಿ ನವೆಂಬರ್ ಹದಿನೈದು ಎಂದರೆ ನಮ್ಮ ಯುಗಾದಿಯ ಹಾಗೆ. ಅಂದು ಜಿಂಕೆ ಬೇಟೆ ಶುರು. ಕಾರ್ಖಾನೆಗಳು ಅರ್ಧ ಖಾಲಿಯಾಗುತ್ತವೆ. ಡೇಲ್ ಪ್ರತಿವರ್ಷ ಉತ್ತರದ ಕಾಡಿನಲ್ಲಿದ್ದ ತನ್ನ ಕ್ಯಾಬಿನ್ನಿಗೆ ಹೋಗುತ್ತಿದ್ದ, ತನಗೆ ಬೇಕಾದವರನ್ನು ಕರೆದುಕೊಂಡು ಹೋಗುತ್ತಿದ್ದ. ಬೇಕಾದವನಾಗಬೇಕು ಎಂದು ನಾನು ನಿಶ್ಚಯಿಸಿದೆ. ಮನೆಯಲ್ಲಿ ಹೇಳಿದಾಗ ವಸುಧಾ ಮಾಡುತ್ತಿದ್ದ ಚಪಾತಿ ಅಲ್ಲಿಗೇ ಬಿಟ್ಟಳು.

“ರೀ, ತಲೆ ಸರಿ ಇದೆಯಾ? ಜಿಂಕೆ ಹೊಡೆದು ಕೆಲಸ ಉಳಿಸ್ಕೋತೀರಾ?”

“ಹೊಡೆಯಲ್ಲ ವಸು. ಹೊಡೆಯೋ ಹಾಗೆ ಕೂತಿರ್ತೀನಿ.”

“ಅಪ್ಪಾ, ಯು ಡೋಂಟ್ ಈವನ್ ಕಿಲ್ ಸ್ಪೈಡರ್ಸ್” ಎಂದಳು ಮಗಳು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಂಥ ಕೋಲು ಹುಡುಕುವ ಕೆಲಸ ಈಗ ನನ್ನ ಪಾಲಿಗೆ ಬಂತು.

ಇಲ್ಲಿ ನಮ್ಮಪ್ಪನ ಕೊಡೆಯ ವಿಷಯ ಹೇಳದೆ ಮುಂದೆ ಹೋಗಲಾರೆ. ‘ತಗೊಂಡರೆ ಒಳ್ಳೇದೇ ತಗೋಬೇಕು, ಇಲ್ಲದಿದ್ದರೆ ತಗೋಬಾರದು’ ಎಂಬುದು ಅವರ ಧರ್ಮ. ಒಂದು ಮಳೆಗಾಲ ಕೊಡೆ ಕೊಳ್ಳಲೆಂದು ದೇವರಾಜ ಅರಸು ರಸ್ತೆಯ ಅಂಗಡಿ ಅಂಗಡಿಯೂ ಹತ್ತಿ ಇಳಿದರು. ಕಡ್ಡಿ ಬಗ್ಗಿಸಿ ನೋಡಿದರು, ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿದರು, ಹಿಡಿ ಮೂಸಿ ನೋಡಿದರು. ಹಿಡಿ ಯಾಕೆ ಮೂಸಿದರೋ ನನಗೆ ಇಂದಿಗೂ ಗೊತ್ತಿಲ್ಲ. ಅಳೆದೂ ಸುರಿದೂ ಕೊಡೆ ಮನೆಗೆ ಬರುವ ಹೊತ್ತಿಗೆ ಮಳೆಗಾಲ ಮುಗಿದಿತ್ತು. ಆ ರಕ್ತವೇ ನನ್ನದೂ. ಮಿಕ್ಕವರು ಅಂಗಡಿಗೆ ಹೋಗಿ ಕೈಗೆ ಸಿಕ್ಕಿದ ಬಂದೂಕು ಕೊಂಡು ಬಂದರೆ, ನಾನು ಮಗಳಿಗೆ ಗಂಡು ನೋಡುವವರ ಹಾಗೆ ಬೇಸಿಗೆಯಿಡೀ ಓದಿದೆ, ವಿಚಾರಿಸಿದೆ, ವಂಶಾವಳಿ ತೆಗೆದೆ.

ಸಾಮಾನ್ಯ ಬೇಟೆಯ ಬಂದೂಕು ನಮ್ಮ ಬಚ್ಚಲುಮನೆಯ ಹಳೇ ಚಿಲಕದ ಹಾಗೆ. ಒಂದು ಗುಂಡು ಹೊಡೆದ ಮೇಲೆ ಇನ್ನೊಂದು ಒಳಗೆ ಬರಬೇಕಾದರೆ ಬೋಲ್ಟಿನ ಹಿಡಿಯನ್ನು ಮೇಲೆತ್ತಬೇಕು, ಹಿಂದಕ್ಕೆ ಎಳೆಯಬೇಕು, ಮುಂದಕ್ಕೆ ತಳ್ಳಬೇಕು, ಮತ್ತೆ ಕೆಳಗೆ ಮಡಿಸಬೇಕು. ಆದರೆ ಸ್ಟ್ರೇಟ್-ಪುಲ್ ಎಂಬ ಜಾತಿ ಒಂದಿದೆ. ಅದರಲ್ಲಿ ಎತ್ತುವುದೂ ಇಲ್ಲ, ಮಡಿಸುವುದೂ ಇಲ್ಲ. ನೇರ ಎಳೆ, ನೇರ ತಳ್ಳು, ಮುಗಿಯಿತು. ಅದರಲ್ಲೂ ನಾನು ಮನಸೋತದ್ದು ಜರ್ಮನಿಯ ಒಂದು ಮಾಡ್ಯುಲರ್ ಬಂದೂಕಿಗೆ. ಒಂದು ಕೀಲಿ ತಿರುಗಿಸಿದರೆ ನಳಿಗೆ ಕಳಚಿ ಬರುತ್ತದೆ, ಬೇರೆ ನಳಿಗೆ ಕೂರಿಸಿದರೆ ಬೇರೆಯೇ ಬಂದೂಕು. ಗುಂಡಿನ ಡಬ್ಬಿಯೂ ಟ್ರಿಗರ್ರೂ ಒಟ್ಟಿಗೆ ಬಿಚ್ಚಿ ಜೇಬಿಗೆ ಹಾಕಿಕೊಳ್ಳಬಹುದು. ಆರು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದ ಅಮ್ಮನಿಗೆ ಇದನ್ನೆಲ್ಲ ವಿವರಿಸಿದೆ. ಅವಳು ಹೂಬತ್ತಿ ಹೊಸೆಯುತ್ತಾ ಕೇಳಿ, “ಅಂದ್ರೆ ಮಿಕ್ಸಿ ಇದ್ದಂಗೆ. ಮೋಟಾರ್ ಒಂದೇ, ಚಟ್ನಿಗೊಂದು ಜಾರು, ಹಿಟ್ಟಿಗೊಂದು ಜಾರು” ಎಂದಳು. ನಾನು ಓದಿದ ಯಾವ ಪತ್ರಿಕೆಯೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಅಂಗಡಿಯಲ್ಲಿ ಅಂಥದೊಂದು ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಯಾರೋ ಕಷ್ಟದಲ್ಲಿದ್ದವರು ಮಾರಿ ಹೋದದ್ದು. ಹಳೆಯದಾದರೂ ನೋಡಿದವರು ಎರಡನೆಯ ಸಲ ನೋಡುವ ಹಾಗಿತ್ತು. ಅಂಗಡಿಯವನು ಮೊದಲು ನನಗೊಂದು ಸಾದಾ ಬಂದೂಕು ತೋರಿಸಿ, “ಮಿಷಿಗನ್ನಿನ ಅರ್ಧ ಜನ ಇದನ್ನೇ ಇಟ್ಟಿರೋದು, ಸಾಕು ನಿಮಗೆ” ಎಂದ. ನಾನು ಜರ್ಮನ್ ಬಂದೂಕನ್ನೇ ಕೇಳಿದೆ. ಅದಕ್ಕೆ ಕಾರಣ ಅಂದವಲ್ಲ, ಹೆಬ್ಬೆರಳಿನ ಹತ್ತಿರ ಇದ್ದ ಒಂದು ಜಾರುಗುಂಡಿ. ಅದನ್ನು ಅರ್ಧ ಒತ್ತಿದರೆ ಬೋಲ್ಟ್ ಎಳೆಯಬಹುದು. ಪೂರ್ತಿ ಮೇಲಕ್ಕೆ ತಳ್ಳಿದರೆ ಮಾತ್ರ ಬಂದೂಕು ಸಿಡಿಯಲು ಸಜ್ಜು.

“ಪೂರ್ತಿ ತಳ್ಳದೆ ಟ್ರಿಗರ್ ಎಳೆದರೆ?” ಎಂದು ಕೇಳಿದೆ.

“ಏನೂ ಆಗಲ್ಲ.”

“ಏನೂ ಅಂದರೆ ಏನೂ ಇಲ್ಲವಾ?”

“ಏನೂ ಇಲ್ಲ.”

“ಟಕ್ ಅಂತ ಸದ್ದು?”

“ಅದೂ ಇಲ್ಲ.” ಅವನು ಕನ್ನಡಕ ತೆಗೆದು ನನ್ನನ್ನು ನೋಡಿದ. “ಸರ್, ಸಾಮಾನ್ಯವಾಗಿ ಜನ ಇದು ಎಷ್ಟು ಚೆನ್ನಾಗಿ ಹೊಡೆಯತ್ತೆ ಅಂತ ಕೇಳ್ತಾರೆ.”

ನೋಡಿ, ಪಕ್ಕದಲ್ಲಿ ಕೂತವನಿಗೆ ಬೇಟೆಗಾರನ ಹಾಗೆಯೇ ಕಾಣಬೇಕು, ಜಿಂಕೆಗೆ ಏನೂ ಆಗಬಾರದು. ಈ ಎರಡಕ್ಕೂ ಒಗ್ಗುವ ಬಂದೂಕು ಜಗತ್ತಿನಲ್ಲಿ ಇದೊಂದೇ ಎಂದು ನನಗೆ ಅನಿಸಿತು. ಸಾದಾ ಬಂದೂಕಿನಲ್ಲೂ ಸೇಫ್ಟಿ ಎಂಬುದು ಇರುತ್ತದೆ, ಬೇಡವೆಂದವರು ಅದನ್ನು ತೆಗೆಯದೆ ಕೂರಬಹುದು ಎಂಬುದು ಆಮೇಲೆ ಹೊಳೆಯಿತು. ಆಗ ಹೊಳೆದಿದ್ದರೆ ನಾನು ನಮ್ಮಪ್ಪನ ಮಗನೇ ಆಗಿರುತ್ತಿರಲಿಲ್ಲ. ಮನೆಗೆ ತಂದ ದಿನವೇ ವಸುಧಾ ಟ್ರಿಗರ್ ಡಬ್ಬಿಯನ್ನು ಕಳಚಿ ತನ್ನ ಬೀರುವಿನ ಲಾಕರಿನಲ್ಲಿ ಬೆಳ್ಳಿ ಕುಂಕುಮದ ಭರಣಿಯ ಪಕ್ಕ ಇಟ್ಟು ಬೀಗ ಹಾಕಿದಳು.

ಆಫೀಸಿಗೆ ಬಂದೂಕು ಒಯ್ಯುವ ಹಾಗಿರಲಿಲ್ಲ. ಅದಕ್ಕೆ ಫೋಟೋ ತೆಗೆದು ಕಂಪ್ಯೂಟರಿನ ಪರದೆಗೆ ಹಾಕಿದೆ. ಅಲ್ಲಿಯವರೆಗೆ ಆ ಜಾಗದಲ್ಲಿ ಚಾಮುಂಡಿ ಬೆಟ್ಟ ಇತ್ತು, ತಾಯಿ ಕ್ಷಮಿಸಲಿ. ಡೇಲ್ ನನ್ನ ಮೇಜಿನ ಹಿಂದೆ ನಡೆದು ಹೋದವನು ಎರಡು ಹೆಜ್ಜೆ ವಾಪಸು ಬಂದು ಶಿಳ್ಳೆ ಹಾಕಿದ.

“ಶ್ರೀ, ಇದು ನಿನ್ನದಾ? ಇದು ದೊಡ್ಡ ಲಾಯರುಗಳು ಇಟ್ಟುಕೊಳ್ಳೋ ಬಂದೂಕು!”

ನಾನು ವಿನಯದಿಂದ ನಕ್ಕೆ. ಇಡೀ ಆಫೀಸೇ ಬಂದು ನೋಡಿಕೊಂಡು ಹೋಯಿತು. ನನ್ನ ಹಾಗೆಯೇ ಬ್ರೇಕ್ ಮಾಡುತ್ತಿದ್ದ ಗ್ಯಾರಿ ಬಂದು ಸುಮ್ಮನೆ ನೋಡಿ, “ನನ್ನದು ಹೋದ ತಿಂಗಳು ಮಾರಿದೆ” ಎಂದು ಹೇಳಿ ಹೋದ. ನನಗೆ ಒಳಗೊಳಗೇ ಖುಷಿ. ಗ್ಯಾರಿ ಮಾರಿದ್ದಾನೆ, ಎಂದಮೇಲೆ ಗ್ಯಾರಿ ಡೇಲನ ಬೇಟೆಯ ಕ್ಯಾಂಪಿಗೆ ಬರುವುದಿಲ್ಲ.

ಅಷ್ಟರಲ್ಲಿ ನವರಾತ್ರಿ ಬಂತು. ಅಮ್ಮ ಬಂದೂಕಿಗೆ ಮೂಗು ಮುರಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಆಯುಧಪೂಜೆಯ ದಿನ ಬೆಳಿಗ್ಗೆಯೇ ಮಡಿಯುಟ್ಟು, “ಎಲ್ಲೋ ಅದು, ತಗೊಂಡ್ಬಾ” ಎಂದಳು. “ಇಷ್ಟು ವರ್ಷ ಕಾರಿನ ಕೀ, ಲ್ಯಾಪ್‌ಟಾಪು, ಸ್ಕ್ರೂಡ್ರೈವರು ಇಟ್ಟು ಆಯುಧಪೂಜೆ ಅಂತಿದ್ರಿ. ಈಗ ಆಯುಧ ಅಂತ ಒಂದು ಬಂತು ಮನೆಗೆ!” ಹೊಡೆಯುವುದು ಪಾಪ, ಪೂಜೆ ಮಾಡದಿರುವುದು ಅದಕ್ಕಿಂತ ಪಾಪ, ಇದು ಅವಳ ಲೆಕ್ಕ. ನಳಿಗೆಗೆ ಗಂಧ ಬಳಿದಳು. ಬೋಲ್ಟಿಗೆ ಕುಂಕುಮ ಹಚ್ಚಿದಳು. ಗುರಿ ನೋಡಲು ಬಂದೂಕಿನ ಮೇಲೆ ಕೂರಿಸಿದ್ದ ದುರ್ಬೀನಿನ ಎರಡೂ ಗಾಜಿಗೆ ಒಂದೊಂದು ಬೊಟ್ಟು. ಕಾರ್ನೇಷನ್ ಹೂವಿನ ಮಾಲೆ. ಕೊನೆಗೆ ‘ಆಯುಷ್ಯ ಆರೋಗ್ಯ’ ಎನ್ನುತ್ತಾ ಹಿಡಿ ಅಕ್ಷತೆಯನ್ನು ಧಾರಾಳವಾಗಿ ಮೇಲಿನಿಂದ ಸುರಿದಳು. ಜರ್ಮನಿಯ ಎಂಜಿನಿಯರುಗಳು ಧೂಳಿಗೆ, ಮಳೆಗೆ, ಹಿಮಕ್ಕೆ ಎಲ್ಲ ಯೋಚನೆ ಮಾಡಿದ್ದರು. ಅರಿಶಿನ ಕಲಸಿದ ಸೋನಾ ಮಸೂರಿಗೆ ಮಾಡಿರಲಿಲ್ಲ. “ವಿಜಯದಶಮಿವರೆಗೂ ಮುಟ್ಟಬೇಡ” ಎಂದು ಅಮ್ಮ ಅಪ್ಪಣೆ ಮಾಡಿದಳು.

ದಶಮಿ ಕಳೆದ ಮೇಲೆ ವಸುಧಾಳಿಂದ ಟ್ರಿಗರ್ ಇಸಿದುಕೊಂಡು ಗುರಿ ಅಭ್ಯಾಸದ ಮೈದಾನಕ್ಕೆ ಹೋದೆ. ಬೋಲ್ಟ್ ಎಳೆದರೆ ಕರಕರ ಎಂದಿತು, ನಾಲ್ಕು ಕಾಳು ಅಕ್ಕಿ ಮೇಜಿನ ಮೇಲೆ ಉದುರಿದವು. ಎಣ್ಣೆ ಹಾಕಿ ಒರೆಸಿದೆ. ಕುಂಕುಮ ಎಣ್ಣೆಯಲ್ಲಿ ಕರಗಿ ಬಟ್ಟೆ, ನನ್ನ ಬೆರಳು, ಅಂಗಿಯ ತೋಳು ಎಲ್ಲ ಕೆಂಪಾಯಿತು. ಪಕ್ಕದಲ್ಲಿ ಗುರಿ ಹಿಡಿಯುತ್ತಿದ್ದ ಮುದುಕ ನೋಡಿ, “ಆಗಲೇ ಒಂದು ಹೊಡೆದ ಹಾಗಿದೆಯಲ್ಲ?” ಎಂದ. “ಛೆ ಛೆ, ಅದು ನಮ್ಮ ತಾಯಿ” ಎಂದೆ. ಅವನು ತನ್ನ ಸಾಮಾನು ಎತ್ತಿಕೊಂಡು ದೂರದ ಮೇಜಿಗೆ ಹೋದ.

ಅಷ್ಟಾದರೂ, ನಾಚಿಕೆ ಬಿಟ್ಟು ಹೇಳುತ್ತೇನೆ, ಅಂದು ಜಾರುಗುಂಡಿಯನ್ನು ಪೂರ್ತಿ ತಳ್ಳಿ ಕಾಗದದ ಗುರಿಗೆ ಹೊಡೆದಾಗ ಗುಂಡು ಸರಿಯಾಗಿ ನಡುವಿಗೆ ಹೋಯಿತು. ಸರಕ್ ಎಂದು ಎಳೆದೆ, ತಳ್ಳಿದೆ, ಮತ್ತೆ ಹೊಡೆದೆ. ಅದರ ಪಕ್ಕಕ್ಕೇ ಹೋಯಿತು. ಕಣ್ಣು ಗುರಿಯಿಂದ ಕದಲಲೇ ಇಲ್ಲ. ಒಳ್ಳೆಯ ಯಂತ್ರ ಕೈಗೆ ಬಂದಾಗ ಆಗುವ ಸಂತೋಷ ಸಂತೋಷವೇ. ಹಪ್ಪಳದ ಅಂಗಡಿಯವನು ಇರಬೇಕಾಗಿತ್ತು.

ಅಕ್ಟೋಬರ್ ಕೊನೆಗೆ ಡೇಲ್ ನನ್ನ ಮೇಜಿಗೆ ಬಂದು, ಯಾವತ್ತೂ ಇಲ್ಲದ ಹಾಗೆ ಪಕ್ಕದ ಕುರ್ಚಿಯಲ್ಲಿ ಕೂತು, “ಈ ಸಲ ಕ್ಯಾಂಪಿಗೆ ಬರ್ತೀಯಾ ಶ್ರೀ? ನಾವಿಬ್ಬರೇ” ಎಂದ. ನಾವಿಬ್ಬರೇ! ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರಲ್ಲ, ನನ್ನ ದೊಣ್ಣೆ ತಪ್ಪಿತು ಎಂದು ಅಂದೇ ಪ್ರಹ್ಲಾದನಿಗೆ ಫೋನು ಮಾಡಿದೆ. “ನಾ ಹೇಳ್ಲಿಲ್ಲೇನ!” ಎಂದು ಅವನು ನನಗಿಂತ ಹೆಚ್ಚು ಕುಣಿದ.

ಕಾನೂನಿನ ಪ್ರಕಾರ ಬೇಟೆಗಾರ ಕಿತ್ತಳೆ ಬಣ್ಣ ತೊಡಬೇಕು, ಇನ್ನೊಬ್ಬ ಬೇಟೆಗಾರ ಇವನನ್ನೇ ಜಿಂಕೆ ಎಂದುಕೊಳ್ಳದಿರಲಿ ಎಂದು. ಹೊಸ ಜಾಕೆಟ್, ಟೊಪ್ಪಿ ಹಾಕಿಕೊಂಡು ಹೊರಟಾಗ ಅಮ್ಮ ಮೇಲಿಂದ ಕೆಳಗೆ ನೋಡಿ, “ಇದೇನೋ ಇದು, ಕಾವಿ ತೊಟ್ಟು ಬೇಟೆಗೆ ಹೊರಟಿದೀಯಲ್ಲೋ, ಎರಡೂ ಕೆಟ್ಟಿತು” ಎಂದಳು. ಕೈಗೆ ಪುಳಿಯೋಗರೆಯ ಡಬ್ಬಿ ಕೊಟ್ಟಳು. ವಸುಧಾ ಲಾಕರಿನಿಂದ ಟ್ರಿಗರ್ ತೆಗೆದುಕೊಟ್ಟು, “ಹುಷಾರು ರೀ” ಎಂದಳು, ಅಷ್ಟೇ.

ಕ್ಯಾಬಿನ್ನಿನಲ್ಲಿ ಡೇಲ್ ಬೇರೆಯೇ ಮನುಷ್ಯ. ಕಟ್ಟಿಗೆ ಒಲೆ ಹೊತ್ತಿಸಿದ, ನನ್ನ ಹಾಸಿಗೆ ತಾನೇ ಹಾಸಿದ, ಪುಳಿಯೋಗರೆಯನ್ನು ಚಮಚದಲ್ಲಿ ತಿಂದು ಕಡಲೆಕಾಯಿ ಬೀಜ ಸಿಕ್ಕಾಗಲೆಲ್ಲ ಹೂಂ ಹೂಂ ಎಂದ. ಅವನ ಬಂದೂಕು ಅವನ ತಾತನದು. ಹಿಡಿಗೆ ಕರಿ ಟೇಪು ಸುತ್ತಿತ್ತು. ನನ್ನದನ್ನು ಎತ್ತಿ ಒಂದು ಸಲ ಬೋಲ್ಟ್ ಎಳೆದು, “ಬೆಣ್ಣೆ ಹಾಗಿದೆ” ಎಂದು ಮೆಲ್ಲಗೆ ವಾಪಸಿಟ್ಟ. ಒಲೆಗೆ ಇನ್ನೊಂದು ಕಟ್ಟಿಗೆ ಇಟ್ಟು ಮಲಗಿದ.

ಬೆಳಗಿನ ಜಾವ, ನಾಲ್ಕು ಕಂಬದ ಮೇಲೆ ನಿಲ್ಲಿಸಿದ್ದ ಹಲಗೆಯ ಅಟ್ಟಣೆ ಹತ್ತಿ ಕೂತೆವು. ಇಪ್ಪತ್ತೆರಡು ಡಿಗ್ರಿ ಫ್ಯಾರನ್‌ಹೀಟು, ಅಂದರೆ ನೀರು ಮಂಜುಗಡ್ಡೆಯಾಗುವ ಚಳಿ. ನನಗೆ ಕಾಲಿದೆ ಎಂಬುದೇ ಮರೆತುಹೋಗಿತ್ತು. ನನ್ನ ಪ್ರಾರ್ಥನೆ ಒಂದೇ: ಕೆಲಸ ಉಳಿಯಲಿ, ಜಿಂಕೆ ಬಾರದಿರಲಿ. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎನ್ನುವ ಹಾಗೆ, ಬೆಳಕು ಹರಿಯುತ್ತಿದ್ದಂತೆ ದೊಡ್ಡ ಕೊಂಬಿನ ಗಂಡು ಜಿಂಕೆಯೊಂದು ಮರಗಳ ನಡುವಿನಿಂದ ಬಂದು ನಮ್ಮೆದುರಿಗೇ ನಿಂತಿತು. ಡೇಲ್ ನನ್ನ ಮೊಣಕೈ ತಿವಿದು, ‘ನಿನ್ನದು’ ಎಂದು ಸನ್ನೆ ಮಾಡಿದ.

ಬಂದೂಕು ಎತ್ತಿದೆ. ದುರ್ಬೀನಿನಲ್ಲಿ ಜಿಂಕೆಯ ರೆಪ್ಪೆಯ ಕೂದಲು ಸಹ ಕಾಣುತ್ತಿತ್ತು. ಹೆಬ್ಬೆರಳನ್ನು ಜಾರುಗುಂಡಿಯಿಂದ ದೂರ ಇಟ್ಟು, ಉಸಿರು ಬಿಗಿಹಿಡಿದು, ಬಹಳ ಗಂಭೀರವಾಗಿ ಟ್ರಿಗರ್ ಎಳೆದೆ. ಅಂಗಡಿಯವನು ಸತ್ಯವಂತ. ಏನೂ ಆಗಲಿಲ್ಲ.

“ಏನಾಯ್ತು?” ಎಂದು ಡೇಲ್ ಪಿಸುಗುಟ್ಟಿದ.

“ಗೊತ್ತಿಲ್ಲ, ಗುಂಡು ಸರಿಯಿಲ್ಲವೇನೋ” ಎಂದು ಜಾರುಗುಂಡಿಯನ್ನು ಅರ್ಧ ಮಾತ್ರ ಒತ್ತಿ ಬೋಲ್ಟ್ ಎಳೆದೆ. ಒಳಗಿದ್ದ ಗುಂಡು ಹಾರಿ ಡೇಲನ ತೊಡೆಯ ಮೇಲೆ ಬಿತ್ತು. ಮತ್ತೆ ಗುರಿ, ಮತ್ತೆ ಏನೂ ಇಲ್ಲ. ಎಳೆದೆ. ಇನ್ನೊಂದು ಗುಂಡು ಅವನ ಕಾಫಿ ಫ್ಲಾಸ್ಕಿಗೆ ಟಣ್ ಎಂದು ತಗುಲಿತು. ಆ ಜಿಂಕೆಗಾದರೂ ಬುದ್ಧಿ ಬೇಡವೇ? ಕಿವಿ ಆಡಿಸಿತು, ನಮ್ಮನ್ನು ನೋಡಿತು, ಹುಲ್ಲು ಮೇಯತೊಡಗಿತು. ‘ಓಡಿ ಹೋಗೇ ಮಾರಾಯ್ತಿ’ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ, ಅದು ಗಂಡು ಎಂಬುದೂ ಮರೆತುಹೋಗಿ. ಮೂರನೆಯ ಸಲ ಟ್ರಿಗರ್ ಎಳೆದಾಗ ಡೇಲ್ ಜಿಂಕೆಯನ್ನು ನೋಡುತ್ತಿರಲಿಲ್ಲ, ನನ್ನ ಹೆಬ್ಬೆರಳನ್ನು ನೋಡುತ್ತಿದ್ದ.

“ಶ್ರೀ, ನಿನಗೆ ಅದನ್ನು ಹೊಡೆಯೋಕೆ ಇಷ್ಟ ಇಲ್ಲ.”

ಸುಳ್ಳು ಹೇಳುವ ಶಕ್ತಿ ಆ ಚಳಿಯಲ್ಲಿ ಉಳಿದಿರಲಿಲ್ಲ. “ಇಲ್ಲ” ಎಂದೆ.

“ಹಾಗಾದರೆ ಯಾಕೆ ಬಂದೆ?”

“ಕೆಲಸ ಉಳಿಸಿಕೊಳ್ಳೋಕೆ ಬಂದೆ, ಡೇಲ್. ಈ ಬಂದೂಕು ಕೊಂಡದ್ದೂ ಅದಕ್ಕೇ. ನಿನ್ನ ಜೊತೆ ಕೂತವರ ಕೆಲಸ ಹೋಗಲ್ಲ ಅಂದುಕೊಂಡೆ.”

ಡೇಲ್ ತನ್ನ ತಾತನ ಬಂದೂಕನ್ನು ಅಟ್ಟಣೆಯ ಅಂಚಿನ ಹಲಗೆಗೆ ಒರಗಿಸಿಟ್ಟ. ಕೈಗವಸು ತೆಗೆದು ಮುಖ ಒರೆಸಿಕೊಂಡ. “ನಿನ್ನ ಹೆಸರು ಕೊಟ್ಟು ಆಯಿತು ಶ್ರೀ” ಎಂದ. “ನೀನು ಅಥವಾ ಗ್ಯಾರಿ, ಇಬ್ಬರಲ್ಲಿ ಒಬ್ಬರನ್ನು ಕೊಡು ಅಂದರು. ಗ್ಯಾರಿ ದೋಣಿ ಮಾರಿದ, ಗಾಡಿ ಮಾರಿದ, ಬಂದೂಕೂ ಮಾರಿದ. ಇಡೀ ಆಫೀಸಿನಲ್ಲಿ ಎಲ್ಲರೂ ಮಾರುತ್ತಾ ಇದ್ದರು. ಕೊಳ್ಳುತ್ತಾ ಇದ್ದವನು ನೀನೊಬ್ಬನೇ. ಅಂಥ ಬಂದೂಕು ಕೊಳ್ಳೋನಿಗೆ ಮನೆಯಲ್ಲಿ ಏನೂ ತೊಂದರೆ ಇರಲ್ಲ ಅಂದುಕೊಂಡೆ. ಆ ಗಾಜಿನ ರೂಮಿನಲ್ಲಿ ನಿನಗೆ ಹೇಳೋಕೆ ಮನಸ್ಸು ಬರಲಿಲ್ಲ. ಅದಕ್ಕೇ ಇಲ್ಲಿಗೆ ಕರೆದುಕೊಂಡು ಬಂದೆ.”

ನನಗೆ ಮೈಯೆಲ್ಲ ಉರಿದುಹೋಯಿತು. ಡೇಲನ ಮೇಲೆ ಸಿಟ್ಟು, ಪ್ರಹ್ಲಾದನ ಮೇಲೆ ಸಿಟ್ಟು, ಸಾದಾ ಬಂದೂಕು ತೋರಿಸಿದಾಗ ಬೇಡವೆಂದ ನನ್ನ ಮೇಲೆ ಎಲ್ಲಕ್ಕಿಂತ ಸಿಟ್ಟು. ಬಾಯಲ್ಲಿ ಏನೇನೋ ಬಂದಿತ್ತು. ಆದರೆ ಅಷ್ಟು ದೊಡ್ಡ ಮನುಷ್ಯ ತಲೆ ತಗ್ಗಿಸಿ ಕೂತು ಮೀಸೆ ನಡುಗಿಸುತ್ತಿರುವುದನ್ನು ನೋಡಿ ಮೈಸೂರಿನ ಹಾಳು ದಾಕ್ಷಿಣ್ಯ ಅಡ್ಡ ಬಂತು. “ಪರವಾಗಿಲ್ಲ ಡೇಲ್, ನೀನು ಬೇಜಾರು ಮಾಡಿಕೋಬೇಡ” ಎಂದೆ. ಕೆಲಸ ಕಳೆದುಕೊಂಡವನು ನಾನು, ಬೆನ್ನು ತಟ್ಟಿಸಿಕೊಂಡವನು ಅವನು. ಅವನು ದೊಡ್ಡದಾಗಿ ಮೂಗು ಸೀಟಿದ. ಆ ಸದ್ದಿಗೆ ಜಿಂಕೆ ಬಾಲವೆತ್ತಿ ಓಡಿತು.

ಬೆಳಿಗ್ಗೆಯೇ ಹೊರಟು ಮಧ್ಯಾಹ್ನದ ಹೊತ್ತಿಗೆ ಮನೆ ತಲುಪಿದೆ. ಅಮ್ಮ ಬಾಗಿಲಿಗೆ ಕೈ ಅಡ್ಡ ಇಟ್ಟು ನಿಂತಿದ್ದಳು.

“ಒಳಗೆ ಬರ್ಬೇಡ. ಮೊದ್ಲು ಹೇಳು, ಹೊಡೆದ್ಯಾ?”

“ಇಲ್ಲಮ್ಮ.”

“ನನ್ನಾಣೆಗೂ?”

“ನಿನ್ನಾಣೆಗೂ ಇಲ್ಲ.”

“ಸದ್ಯ, ಬಾ” ಎಂದು ಕೈ ತೆಗೆದಳು. ವಸುಧಾ ನನ್ನ ಮುಖ ನೋಡಿದವಳೇ ಲ್ಯಾಪ್‌ಟಾಪ್ ಮುಚ್ಚಿದಳು. ಸೋಫಾದ ಮೇಲೆ ಕೂತು ಇಬ್ಬರಿಗೂ ಹೇಳಿದೆ, ಜಿಂಕೆಯದು, ಗ್ಯಾರಿಯದು, ಬಂದೂಕಿನದು, ಏನೂ ಬಿಡದೆ. ಹೇಳುವಾಗ ನಗುವ ಹಾಗೆ ಹೇಳಬೇಕೆಂದು ಬಹಳ ಪ್ರಯತ್ನಪಟ್ಟೆ. ಫ್ಲಾಸ್ಕಿಗೆ ಗುಂಡು ಬಿದ್ದ ಕಡೆ ವಸುಧಾ ನಕ್ಕಳು ಕೂಡ. ಆಮೇಲೆ, “ಇನ್ಶೂರೆನ್ಸ್ ಎಲ್ಲೀವರೆಗೆ ಇರತ್ತೆ?” ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ.

ಅಮ್ಮ ಎದ್ದು ಅಡಿಗೆಮನೆಗೆ ಹೋದಳು. ಕಾಫಿ ತರುತ್ತಾಳೆ ಎಂದುಕೊಂಡೆ. ಬಂದಾಗ ಕೈಯಲ್ಲಿ ಕಾಯಿಸಿದ ಹರಳೆಣ್ಣೆಯ ಬಟ್ಟಲಿತ್ತು.

“ಅಂಗಿ ತೆಗಿ. ಕೆಳಗೆ ಕೂತ್ಕೋ.”

“ಅಮ್ಮಾ, ಇವತ್ತೇನು ಹಬ್ಬವಾ? ಈಗ ಯಾಕೆ?”

“ನಾನು ಬಂದು ನಾಲ್ಕು ತಿಂಗಳಾಯ್ತು. ಒಂದು ದಿನ ತಲೆ ಕೊಟ್ಟಿಲ್ಲ ನೀನು. ಯಾವತ್ತು ಕರೆದ್ರೂ ಆಫೀಸು, ಮೀಟಿಂಗು. ಈಗ ಯಾವ ಮೀಟಿಂಗ್ ಇದೆ ಹೇಳು ನೋಡೋಣ?”

ಮೀಟಿಂಗ್ ಯಾವುದೂ ಇರಲಿಲ್ಲ. ಕೂತೆ. ನೆತ್ತಿಗೆ ಬಿಸಿ ಎಣ್ಣೆ ಹಾಕಿ ತಟ್ಟಿದಳು, ಕಿವಿ ಹಿಂಡಿದಳು, ಕತ್ತು ಎರಡೂ ಕಡೆ ತಿರುಗಿಸಿದಳು. ಆಮೇಲೆ ಬಚ್ಚಲಿನ ಟಬ್ಬಿನಲ್ಲಿ ಕೂರಿಸಿ, ನಲವತ್ತು ದಾಟಿದ ಮಗನ ತಲೆಗೆ, ಸೂಟ್‌ಕೇಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಸೀಗೆಪುಡಿ ಹಾಕಿ ಉಜ್ಜತೊಡಗಿದಳು. ಆಗ ತಡೆಯಲಾಗದೆ ಅಳು ಬಂತು. “ಪುಡಿ ಕಣ್ಣಿಗೆ ಹೋಯ್ತಮ್ಮ” ಎಂದೆ.

“ಹೂಂ, ಹೋಗಿರತ್ತೆ” ಎಂದು ಅಮ್ಮ ಇನ್ನೊಂದು ಹಿಡಿ ಸೀಗೆಪುಡಿ ತೆಗೆದುಕೊಂಡಳು.